ಲ್ಯಾಬಿನ ಹಳೇ ಫಾರ್ಮಲಿನ್ ಜಾರುಗಳು ಮತ್ತೆ ಪ್ಯಾಕೆಟ್ ಕಪ್ಪೆ: ಎಂತ ಮಾಡುವುದು?

ಬಯಾಲಜಿ ಟೀಚರ್, ಉಡುಪಿ
ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ರದ ಒಂದು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡುವವಳು. ನಮ್ಮ ಲ್ಯಾಬಲ್ಲಿ ಮರದ ಕಪಾಟು ತುಂಬ ಹಳೇ ಸ್ಪೆಸಿಮೆನ್ ಜಾರು ಉಂಟು, ಅಂದ್ರೆ ಸತ್ತ ಪ್ರಾಣಿ ಕೊಳೆಯದ ಹಾಗೆ ಫಾರ್ಮಲಿನ್ ಅನ್ನುವ ರಾಸಾಯನಿಕ ದ್ರವದಲ್ಲಿ ಹಾಕಿಟ್ಟದ್ದು. ಕಪ್ಪೆ, ಒಳ್ಳೆ ಹಾವು, ಓತಿ, ಶಾರ್ಕ್ ಮರಿ, ನಕ್ಷತ್ರ ಮೀನು, ಸಮುದ್ರ ಕುದುರೆ, ಜಂತುಹುಳ ಹೀಗೆ. ಕೆಲವು ಜಾರಲ್ಲಿ ನೀರು ಅರ್ಧಕ್ಕೆ ಇಳಿದಿದೆ, ಕೆಲವು ಚಹಾ ಬಣ್ಣಕ್ಕೆ ತಿರುಗಿದೆ, ಬಾಗಿಲು ತೆಗೆದ್ರೆ ಕಣ್ಣು ಉರೀತದೆ. ಮ್ಯಾನೇಜ್ಮೆಂಟಿನವರು ಇದನ್ನೆಲ್ಲ ಬಿಸಾಡಿ, ಆ ಜಾಗದಲ್ಲಿ ಹೊಸತು ಎಂತಾದ್ರೂ ಮಾಡುವ ಅಂತ ಹೇಳ್ತಿದ್ದಾರೆ. ಅವರಲ್ಲಿ ಒಬ್ಬರು ಅಮೆರಿಕದ ಶಾಲೆಯ ವಿಡಿಯೋ ನೋಡಿದ್ದಾರೆ, ಅಲ್ಲಿ ಮಕ್ಕಳಿಗೆ ಕೊಯ್ದು ಕಲೀಲಿಕ್ಕೆ ತಲಾ ಒಂದೊಂದು ಪ್ರಿಸರ್ವ್ ಮಾಡಿದ ಕಪ್ಪೆ ಪ್ಯಾಕೆಟಲ್ಲಿ ಕೊಡ್ತಾರಲ್ಲ, ನಮ್ಮಲ್ಲೂ ಹಾಗೆ ಮಾಡಿದ್ರೆ ಅಡ್ಮಿಶನ್ನಿಗೆ ಒಳ್ಳೇದು ಅಂತ. ಉತ್ತರ ಭಾರತದ ಸಪ್ಲೈಯರ್ ಒಬ್ಬರ ಕೊಟೇಶನ್ ಕೂಡ ಬಂದಿದೆ. ನನಗೆ ಎರಡೂ ಸರಿ ಕಾಣ್ತಾ ಇಲ್ಲ, ಆದ್ರೆ ಮೀಟಿಂಗಲ್ಲಿ ಬರೀ ಬೇಡ ಅಂದ್ರೆ ಆಗುದಿಲ್ಲ, ಬದಲಿಗೆ ಎಂತ ಅಂತ ಹೇಳ್ಬೇಕು. ಅನುಭವ ಇದ್ದವರು ದಯವಿಟ್ಟು ಬರೀರಿ.

ಸಿಬಿಝಡ್ ಹಳೇ ಬ್ಯಾಚ್, ಮಂಗಳೂರು
ಟೀಚರೇ, ಆ ಕೊಟೇಶನ್ ಮೊದಲು ವಾಪಸ್ ಕಳ್ಸಿ.

ಕಪ್ಪೆ ಅಂದ್ರೆ ಫ್ಯಾಕ್ಟರಿಯಲ್ಲಿ ತಯಾರಾಗುವ ವಸ್ತು ಅಲ್ಲ. ಪ್ಯಾಕೆಟಲ್ಲಿ ಬಂದ್ರೂ ಅದು ಯಾವುದೋ ಊರಿನ ಗದ್ದೆಯಿಂದಲೋ ಕೆರೆಯಿಂದಲೋ ರಾತ್ರಿ ಲೈಟು ಬಿಟ್ಟು ಗೋಣಿಚೀಲಕ್ಕೆ ತುಂಬಿಸಿ ತಂದದ್ದೇ ಆಗಿರ್ತದೆ. ನಮ್ಮ ದೇಶ ಕಪ್ಪೆ ಕಾಲು ರಫ್ತು ಮಾಡುವುದನ್ನು 1987ರಲ್ಲೇ ನಿಲ್ಲಿಸಿದ್ದು ಯಾಕೆ, ಗದ್ದೆಯಲ್ಲಿ ಹುಳ ತಿನ್ನುವ ಜೀವಿ ಟನ್ನುಗಟ್ಟಲೆ ಹೊರಗೆ ಹೋಗ್ತಾ ಇತ್ತು ಅಂತ ತಾನೆ. ತಿನ್ಲಿಕ್ಕೆ ಬೇಡ ಅಂದದ್ದು ಕೊಯ್ಲಿಕ್ಕೆ ಮಾತ್ರ ಆಗ್ತದಾ?

ಕಾನೂನು ಕೂಡ ಉಂಟು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಅದರ 17ನೇ ಸೆಕ್ಷನ್ನಿನಲ್ಲಿ ಪುಸ್ತಕ, ಮಾಡೆಲ್, ಫಿಲ್ಮ್ ಇವುಗಳಿಂದ ಕಲಿಸ್ಲಿಕ್ಕೆ ಆಗುವ ಕಡೆ ಪ್ರಾಣಿ ಮೇಲೆ ಪ್ರಯೋಗ ಬೇಡ ಅಂತ ಆಗಲೇ ಬರೆದಿದ್ದಾರೆ. ಡಿಗ್ರಿ ಕಾಲೇಜುಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2011ರಲ್ಲಿ ಪ್ರಾಣಿ ಕೊಯ್ಯುವುದನ್ನು ಹಂತ ಹಂತವಾಗಿ ಕಡಿಮೆ ಮಾಡಿ ಅಂತ ಹೇಳಿ, 2014ರಲ್ಲಿ ಪೂರ್ತಿ ನಿಲ್ಲಿಸಿ ಅಂತ ಹೇಳಿತು. ಡಿಗ್ರಿ ಝುವಾಲಜಿಯವರೇ ಬಿಟ್ಟದ್ದನ್ನು ಪಿಯುಸಿ ಮಕ್ಕಳ ಕೈಗೆ ಕೊಡುವುದು ಎಂತ ನ್ಯಾಯ.

ನಿವೃತ್ತ ಝುವಾಲಜಿ ಲೆಕ್ಚರರ್
ಸ್ವಲ್ಪ ನನ್ನ ಮಾತೂ ಕೇಳಿ. ಬ್ಯಾನ್ ಬಂದಾಗ ನಾನು ಸರ್ವಿಸಲ್ಲಿದ್ದೆ. ಬ್ಯಾನ್ ಆದದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಒಂದೇ ಒಂದು ನರ ತೋರಿಸ್ಲಿಕ್ಕೆ ಕ್ಲಾಸಿಗೆ ಕ್ಲಾಸೇ ಕಪ್ಪೆ ಕೊಂದದ್ದು ನಾನೂ ನೋಡಿದವ. ಆದ್ರೆ ಅದರ ಜಾಗಕ್ಕೆ ಎಂತ ಬಂತು? ಚಾರ್ಟು, ಸಿಡಿ, ಈಗ ಸ್ಮಾರ್ಟ್ ಬೋರ್ಡು. ಮಕ್ಕಳು ಕಪ್ಪೆಯ ಕ್ರೇನಿಯಲ್ ನರ್ವ್ (ಮೆದುಳಿನಿಂದ ಹೊರಡುವ ನರ) ಹತ್ತು ಜೊತೆ ಅಂತ ಬಾಯಿಪಾಠ ಹೇಳ್ತಾರೆ, ನರ ಅಂದ್ರೆ ಕೈಗೆ ಹೇಗೆ ಸಿಗ್ತದೆ, ರಕ್ತನಾಳಕ್ಕೂ ಅದಕ್ಕೂ ಮುಟ್ಟಿದಾಗ ವ್ಯತ್ಯಾಸ ಎಂತ ಅಂತ ಒಬ್ಬನಿಗೂ ಗೊತ್ತಿಲ್ಲ. ಚಾರ್ಟಲ್ಲಿ ಲಿವರ್ ಕಂದು, ಆರ್ಟರಿ ಕೆಂಪು, ವೇಯ್ನ್ ನೀಲಿ. ಒಳಗೆ ತೆಗೆದು ನೋಡಿದ್ರೆ ಎಲ್ಲ ಒಂದರ ಮೇಲೊಂದು ಅಂಟಿಕೊಂಡು, ಪೊರೆ ಮುಚ್ಚಿಕೊಂಡು ಇರ್ತದೆ, ನಿಧಾನಕ್ಕೆ ಬಿಡಿಸ್ಬೇಕು. ಆ ಬಿಡಿಸುವ ತಾಳ್ಮೆಯೇ ಝುವಾಲಜಿ. ಇದನ್ನು ಮಾಡೆಲ್ ಕಲಿಸುದಿಲ್ಲ. ಪ್ರಿಸರ್ವ್ ಮಾಡಿದ್ದಾದ್ರೂ ಒಂದೆರಡು ಇರ್ಲಿ, ಟೀಚರ್ ಡೆಮೊ ಮಾಡ್ಲಿ ಅಂತ ನನ್ನ ಅಭಿಪ್ರಾಯ.

ಬಯಾಲಜಿ ಟೀಚರ್, ಉಡುಪಿ
ಸರ್, ನೀವು ಹೇಳಿದ್ದು ನನ್ನ ಮನಸ್ಸಲ್ಲೂ ಇದ್ದದ್ದೇ. ಪುಸ್ತಕದಲ್ಲಿ ಕಪ್ಪೆಯ ರಚನೆ ಪಾಠ ಈಗಲೂ ಉಂಟು, ಚಿತ್ರ ತೋರಿಸಿ ಮುಗಿಸುವಾಗ ನನಗೇ ಸಮಾಧಾನ ಇರುದಿಲ್ಲ.

ಎಂಬಿಬಿಎಸ್ ಎರಡನೇ ವರ್ಷ
ನಾನು ದಕ್ಷಿಣ ಕನ್ನಡದವ, ಈಗ ಮೆಡಿಕಲ್ ಓದ್ತಿದ್ದೇನೆ. ಪಿಯುಸಿಯಲ್ಲಿ ನಾವು ಒಂದು ಜಿರಳೆ ಕೂಡ ಕೊಯ್ದಿಲ್ಲ. ಫಸ್ಟ್ ಇಯರಲ್ಲಿ ಸೀದಾ ಕಡಾವರ್, ಅಂದ್ರೆ ಕಲೀಲಿಕ್ಕೆ ಇಟ್ಟ ಮನುಷ್ಯನ ಹೆಣದ ಎದುರು ನಿಲ್ಸಿದ್ರು. ಕಪ್ಪೆ ಕೊಯ್ದಿದ್ರೆ ಅದು ಸುಲಭ ಆಗ್ತಿತ್ತು ಅಂತ ನನಗೆ ಅನ್ನಿಸುದಿಲ್ಲ, ಯಾಕಂದ್ರೆ ಕಷ್ಟ ಆದದ್ದು ಕೈಗಲ್ಲ, ಮನಸ್ಸಿಗೆ ಮತ್ತೆ ಕಣ್ಣಿಗೆ. ಫಾರ್ಮಲಿನ್ ಹೊಗೆಗೆ ಮೊದಲ ವಾರ ಎಲ್ಲರಿಗೂ ಕಣ್ಣೀರು. ಆಮೇಲೆ ಆ ದೇಹ ಯಾರೋ ಒಬ್ಬರು ಬದುಕಿದ್ದಾಗಲೇ ನನ್ನಿಂದ ಮಕ್ಕಳು ಕಲೀಲಿ ಅಂತ ಬರೆದುಕೊಟ್ಟದ್ದು ಅಂತ ಗೊತ್ತಾದಾಗ ಕತ್ತಿ ಹಿಡಿಯುವ ರೀತಿಯೇ ಬೇರೆ ಆಗ್ತದೆ. ಕಪ್ಪೆ ಹಾಗೆ ಬರೆದುಕೊಡುದಿಲ್ಲವಲ್ಲ.

ಇನ್ನೊಂದು. ಪ್ರಿಸರ್ವ್ ಮಾಡಿದ ಅಂಗದ ಬಣ್ಣ, ಮೃದುತ್ವ ಎಂತದೂ ಉಳಿಯುದಿಲ್ಲ. ಫಾರ್ಮಲಿನ್ ಪ್ರೋಟೀನಿನ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕ್ತದೆ, ಹಾಗಾಗಿ ಕೊಳೆಯುದಿಲ್ಲ, ಹಾಗಾಗಿಯೇ ಗಟ್ಟಿ ರಬ್ಬರ್ ಆಗ್ತದೆ. ಶ್ವಾಸಕೋಶ ಸ್ಪಂಜಿನ ಹಾಗೆ ಉಬ್ಬುವುದನ್ನು ಅದರಲ್ಲಿ ನೋಡ್ಲಿಕ್ಕೆ ಆಗುದಿಲ್ಲ. ಸರ್ ಹೇಳಿದ 'ಮುಟ್ಟಿ ಕಲಿಯುವುದು' ಪ್ಯಾಕೆಟ್ ಕಪ್ಪೆಯಲ್ಲಿ ಅರ್ಧ ಕೂಡ ಸಿಗುದಿಲ್ಲ ಅಂತ ನನ್ನ ಲೆಕ್ಕ.

ಮಕ್ಕಳಿಗೆ ಪ್ರಿಸರ್ವ್ ಮಾಡಿದ್ದು ತೋರಿಸ್ಲೇಬೇಕು ಅಂತಿದ್ರೆ ಮಣಿಪಾಲದ ಅನಾಟಮಿ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗಿ. ಸಾರ್ವಜನಿಕರಿಗೆ ಪ್ರವೇಶ ಉಂಟು, ಪ್ರಾಣಿಗಳ ಅಸ್ಥಿಪಂಜರವೂ ಉಂಟು. ಉಡುಪಿಯಿಂದ ಬಸ್ಸಲ್ಲಿ ಎಷ್ಟು ಹೊತ್ತಿನ ದಾರಿ.

ಮಲ್ಪೆ ಬಂದರಿನವ
ನಾನು ಬಯಾಲಜಿ ಓದಿದ್ದು ಡಿಗ್ರಿವರೆಗೆ, ಈಗ ಮನೆಯ ಬೋಟ್ ವ್ಯವಹಾರ. ಇಷ್ಟೆಲ್ಲ ಓದಿ ನನಗೆ ಆಶ್ಚರ್ಯ ಆದದ್ದು ಒಂದೇ, ಉಡುಪಿ ಮಂಗಳೂರಲ್ಲಿ ಕೂತ್ಕೊಂಡು ಡಿಸೆಕ್ಷನ್ನಿಗೆ ಪ್ರಾಣಿ ಎಲ್ಲಿಂದ ತರುವುದು ಅಂತ ಯೋಚನೆ ಮಾಡ್ತಿದ್ದೀರಲ್ಲ. ಬೆಳಿಗ್ಗೆ ಮಲ್ಪೆ ಬಂದರಿಗೆ ಬನ್ನಿ, ಮಂಗಳೂರಿನವರು ದಕ್ಕೆಗೆ (ಅಲ್ಲಿಯ ಮೀನು ಬಂದರು) ಹೋಗಿ. ಊಟಕ್ಕೆ ಅಂತಲೇ ಹಿಡಿದದ್ದು, ಯಾರೂ ಪಾಠಕ್ಕೋಸ್ಕರ ಕೊಲ್ಲುವುದು ಬೇಡ, ಮನೆಗೆ ತಗೊಂಡು ಹೋಗಿ ಹೇಗೂ ಕೊಯ್ಯುವುದೇ.

ಬೊಂಡಾಸ್ (ಸ್ಕ್ವಿಡ್) ಒಂದು ತಗೊಳ್ಳಿ. ಮೇಲಿನ ಚೀಲ ಉದ್ದಕ್ಕೆ ಕತ್ತರಿಯಲ್ಲಿ ಬಿಡಿಸಿದ್ರೆ ಸಾಕು, ಬ್ಲೇಡೂ ಬೇಡ. ಎರಡು ಕಡೆ ಗರಿಯ ಹಾಗೆ ಕಿವಿರು, ಕಿವಿರಿನ ಬುಡದಲ್ಲಿ ಒಂದೊಂದು ಸಣ್ಣ ಹೃದಯ, ನಡುವೆ ದೊಡ್ಡದೊಂದು, ಒಟ್ಟು ಮೂರು. ಶಾಯಿ ಚೀಲ ಬೆಳ್ಳಿಯ ಹಾಗೆ ಹೊಳೀತದೆ, ಅದನ್ನು ಒಡೆಯದೆ ಬಿಡಿಸಿ ತೆಗೀಬೇಕು ಅಂತ ಮಕ್ಕಳಿಗೆ ಹೇಳಿ, ಲೆಕ್ಚರರ್ ಸರ್ ಕೇಳಿದ ತಾಳ್ಮೆ ಅಲ್ಲೇ ಬರ್ತದೆ. ಬೆನ್ನಿನೊಳಗೆ ಪ್ಲಾಸ್ಟಿಕ್ ಪೆನ್ನಿನ ಹಾಗಿನ ಕಡ್ಡಿ, ಅದು ಚಿಪ್ಪಿನಲ್ಲಿ ಉಳಿದ ಭಾಗ, ಮರುವಾಯಿಗೂ (ತಿನ್ನುವ ಚಿಪ್ಪಿನ ಜೀವಿ) ಬೊಂಡಾಸಿಗೂ ಸಂಬಂಧ ಅಂತ ಅದನ್ನು ಕೈಯಲ್ಲಿ ಹಿಡಿದ್ರೆ ಅರ್ಥ ಆಗ್ತದೆ. ಆ ಕಡ್ಡಿಯನ್ನೇ ಶಾಯಿಯಲ್ಲಿ ಅದ್ದಿ ಹೆಸರು ಬರೀಲಿ, ಜೀವಮಾನದಲ್ಲಿ ಮರೆಯುದಿಲ್ಲ. ಬಾಯಿಯಲ್ಲಿ ಗಿಣಿ ಕೊಕ್ಕು, ಕಣ್ಣಲ್ಲಿ ಗಾಜಿನ ಮಣಿಯ ಹಾಗಿನ ಲೆನ್ಸ್.

ಆಮೇಲೆ ಬಂಗುಡೆ ಮತ್ತೆ ಅಂಜಲ್ ತಲೆ ಅಕ್ಕಪಕ್ಕ ಇಡಿ. ಅಂಜಲ್ ತಲೆ ಅಂಗಡಿಯವರು ಬೇರೆ ಮಾಡಿಯೇ ಇಡ್ತಾರೆ. ಬಂಗುಡೆಯ ಬಾಯಿ ತೆರೆದ್ರೆ ಕಿವಿರಿನ ಒಳಗಿನ ಮುಳ್ಳು ಉದ್ದಕ್ಕೆ, ಒತ್ತೊತ್ತಾಗಿ, ಜರಡಿ ಹಿಡಿದ ಹಾಗೆ ಕಾಣ್ತದೆ, ಅದು ನೀರಿನ ಸಣ್ಣ ಸಣ್ಣ ಜೀವಿ ಸೋಸಿ ತಿನ್ನುವ ಮೀನು. ಅಂಜಲಿಗೆ ಆ ಮುಳ್ಳು ಗಿಡ್ಡ, ಕೆಲವೇ ಕೆಲವು, ಬದಲಿಗೆ ಹಲ್ಲು ಕತ್ತಿ, ಅದು ಬೇರೆ ಮೀನು ಹಿಡಿದು ತಿನ್ನುವುದು. ಆಹಾರಕ್ಕೆ ತಕ್ಕ ಅಂಗ ಅಂತ ಪುಸ್ತಕದಲ್ಲಿ ಎಷ್ಟು ಪುಟ ಬರೆದ್ರೂ ಇಷ್ಟು ಚಂದ ತಿಳಿಯುದಿಲ್ಲ.

ಸಿಗಡಿಯಲ್ಲಿ 19 ಜೊತೆ ಅಪೆಂಡೇಜ್, ಅಂದ್ರೆ ಮೀಸೆ, ಕಾಲಿನಂಥ ಜೋಡಿ ಅಂಗ. ಒಂದೊಂದೇ ಕಿತ್ತು ಸಾಲಾಗಿ ಬಿಳಿ ಹಾಳೆಯಲ್ಲಿ ಅಂಟಿಸ್ಲಿಕ್ಕೆ ಹೇಳಿ. ಕೆಲಸ ಕಲಿತ ಹಾಗೂ ಆಯ್ತು, ಒಣಗಿದ ಮೇಲೆ ಅದೇ ನಿಮ್ಮ ಸ್ಪೆಸಿಮೆನ್.

ಪಿಯುಸಿ ಹುಡುಗಿಯ ಅಮ್ಮ, ಕಾರ್ಕಳ
ಮಲ್ಪೆಯ ಅಣ್ಣ ಬರೆದದ್ದು ಓದ್ಲಿಕ್ಕೆ ಚಂದ ಉಂಟು. ಆದ್ರೆ ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತರುದಿಲ್ಲ. ನನ್ನ ಮಗಳಿಗೆ ಬಯಾಲಜಿ ಅಂದ್ರೆ ಜೀವ, ಡಾಕ್ಟರ್ ಆಗ್ಬೇಕು ಅಂತ ಆಸೆ, ಮೀನು ಮುಟ್ಟು ಅಂದ್ರೆ ಅವಳಿಗೆ ಆಗುದಿಲ್ಲ. ಇಂಥ ಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಒಬ್ಬಿಬ್ಬರಲ್ಲ. ಪ್ರಾಕ್ಟಿಕಲ್ ಮಾರ್ಕ್ಸಿಗೋಸ್ಕರ ಅವರನ್ನು ಒತ್ತಾಯ ಮಾಡಿದ್ರೆ ಅದು ಸರಿಯಾ? ಟೀಚರ್ ಇದನ್ನು ಯೋಚನೆ ಮಾಡ್ಬೇಕು.

ಹೈಸ್ಕೂಲ್ ಟೀಚರ್, ಕುಂದಾಪುರ
ಅಕ್ಕ, ಒತ್ತಾಯ ಮಾಡ್ಲೇಬಾರ್ದು, ಅದ್ರಲ್ಲಿ ಎರಡು ಮಾತೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವಿದ್ಯಾರ್ಥಿನಿ ನಾನು ಕಪ್ಪೆ ಕೊಯ್ಯುದಿಲ್ಲ ಅಂತ ಹಟ ಹಿಡಿದು ಕೋರ್ಟಿಗೆ ಹೋಗಿ, ಕೊನೆಗೆ 1988ರಲ್ಲಿ ಮಕ್ಕಳಿಗೆ ಬೇಡ ಅನ್ನುವ ಹಕ್ಕು ಕೊಡುವ ಕಾನೂನೇ ಬಂತು. ಅಂದ್ರೆ ಪ್ಯಾಕೆಟ್ ಕಪ್ಪೆಯ ಊರಲ್ಲೇ ಈ ಪ್ರಶ್ನೆ ಎದ್ದದ್ದು.

ನಮ್ಮ ಶಾಲೆಯಲ್ಲಿ ನಾನು ಮಾಡುವುದು ಹೀಗೆ. ಮೊದಲ ದಿನವೇ ಕೇಳ್ತೇನೆ, ಯಾರಿಗೆ ಬೇಡ ಅಂತ. ಎಲ್ಲರ ಎದುರು ಕೈ ಎತ್ತಿಸುದಿಲ್ಲ, ಚೀಟಿಯಲ್ಲಿ ಬರೆದು ಕೊಡ್ಲಿ. ಅವರಿಗೆ ದಾಸವಾಳ ಹೂವು ಕೊಯ್ದು ಅಂಡಾಶಯ, ಶಲಾಕೆ ಬಿಡಿಸಿ ಅಂಟಿಸುವ ಕೆಲಸ ಕೊಡ್ತೇನೆ, ಅದರಲ್ಲೂ ಬ್ಲೇಡು, ಸೂಜಿ, ಲೆನ್ಸ್ ಎಲ್ಲ ಬೇಕಾಗ್ತದೆ, ಕೈಗೆ ಅದೇ ಅಭ್ಯಾಸ. ಮಾರ್ಕ್ಸ್ ಇಬ್ಬರಿಗೂ ಒಂದೇ. ಮೀನಿನ ಮೇಜು ಕಿಟಕಿ ಹತ್ರ ಬೇರೆ, ಹೂವಿನ ಮೇಜು ಬೇರೆ. ಮೀನಿನ ಮೇಜಿಗೆ ಹೋಗ್ಬೇಕು ಅಂತ ಯಾರಿಗಾದ್ರೂ ಆಮೇಲೆ ಅನ್ನಿಸಿದ್ರೆ ಹೋಗ್ಲಿ, ಕರೆಯುವುದು ಮಾತ್ರ ನಾನಲ್ಲ.

ನಿಮ್ಮ ಮಗಳು ಡಾಕ್ಟರ್ ಆಗ್ಲಿಕ್ಕೆ ಇದರಿಂದ ಎಂತ ಅಡ್ಡಿಯೂ ಇಲ್ಲ.

ಪಿಯುಸಿ ಹುಡುಗಿಯ ಅಮ್ಮ, ಕಾರ್ಕಳ
ಹೀಗೆ ಮಾಡಿದ್ರೆ ನಮ್ಮ ಆಕ್ಷೇಪ ಇಲ್ಲ ಟೀಚರೇ. ಧನ್ಯವಾದ.

ಮಳೆಗಾಲದ ಕಪ್ಪೆ ಸರ್ವೆ
ನಾನು ಕಪ್ಪೆ ಅಧ್ಯಯನ ಮಾಡುವ ಗುಂಪಲ್ಲಿ ಇರುವವ. ಪ್ಯಾಕೆಟ್ ಕಪ್ಪೆ ಬೇಡ ಅನ್ನುವುದಕ್ಕೆ ನನ್ನದೂ ಓಟು. ಆದ್ರೆ ಇಲ್ಲಿಯವರೆಗೆ ಯಾರೂ ಹಳೇ ಜಾರುಗಳ ಬಗ್ಗೆ ಮಾತಾಡ್ಲಿಲ್ಲ, ಟೀಚರ್ ಕೇಳಿದ ಅರ್ಧ ಪ್ರಶ್ನೆ ಅದೇ. ಅದನ್ನು ಬಿಸಾಡ್ಬೇಡಿ. ಕೈ ಮುಗಿದು ಕೇಳ್ತೇನೆ.

ಯಾಕೆ ಅಂತ ಹೇಳ್ತೇನೆ. 2018ರಲ್ಲಿ ನಮ್ಮ ಮಂಗಳೂರಿನಲ್ಲೇ, ಪೇಟೆಯ ಮಧ್ಯದಲ್ಲಿ, ಒಂದು ಹೊಸ ಜಾತಿಯ ಕಪ್ಪೆ ಅಂತ ವಿಜ್ಞಾನಿಗಳು ವಿವರಿಸಿದ್ರು, ಮೈಕ್ರೋಹೈಲಾ ಕೊಡಿಯಾಲ್. ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ್ ಅಂತಾರಲ್ಲ, ಅದೇ ಹೆಸರು. ಅದಕ್ಕೂ ಮೊದಲು 2009ರಲ್ಲಿ ಯುಫ್ಲಿಕ್ಟಿಸ್ ಅಲೋಸಿಯೈ ಅಂತ ಇನ್ನೊಂದು, ಅದಕ್ಕೆ ಮಂಗಳೂರಿನ ಅಲೋಶಿಯಸ್ ಕಾಲೇಜಿನ ಹೆಸರು. ಹೊಸ ಜಾತಿ ಅಂತ ಹೇಳ್ಬೇಕಾದ್ರೆ ಒಂದು ಮಾದರಿಯನ್ನು ಪ್ರಿಸರ್ವ್ ಮಾಡಿ ಮ್ಯೂಸಿಯಮ್ಮಲ್ಲಿ ಇಡ್ಬೇಕು, ಮುಂದೆ ಯಾರಿಗೆ ಸಂಶಯ ಬಂದ್ರೂ ಅದನ್ನೇ ತೆಗೆದು ನೋಡುವುದು. ಹಾಗಾಗಿ ಪ್ರಿಸರ್ವ್ ಮಾಡುವುದೇ ತಪ್ಪು ಅಂತ ಹೇಳಿದ್ರೆ ನಮ್ಮ ಊರಿನ ಕಪ್ಪೆಗಳಿಗೆ ಹೆಸರೇ ಇರ್ತಿರ್ಲಿಲ್ಲ. ಒಂದೆರಡು ಮಾದರಿಯನ್ನು ಶಾಶ್ವತವಾಗಿ ಕಾದಿಡುವುದು ಒಂದು, ಪ್ರತಿ ವರ್ಷ ಗೋಣಿಗಟ್ಟಲೆ ಕೊಯ್ದು ಬಿಸಾಡುವುದು ಇನ್ನೊಂದು.

ನಿಮ್ಮ ಕಪಾಟಲ್ಲಿ ಇರುವ ಕಪ್ಪೆ ಬಹುಶಃ ಇಲ್ಲೇ ಸುತ್ತಮುತ್ತ ಸಿಕ್ಕಿದ್ದು. ಅದರಲ್ಲಿ ಲೇಬಲ್ ಉಂಟಾ ನೋಡಿ, ಎಲ್ಲಿ ಸಿಕ್ಕಿತು, ಯಾವ ತಾರೀಕು, ಯಾರು ತಂದದ್ದು ಅಂತ. ಈ ಮೂರು ಇದ್ರೆ ಆ ಜಾರು ದಾಖಲೆ. ಇವತ್ತು ಆ ಗದ್ದೆ ಲೇಔಟ್ ಆಗಿರ್ಬಹುದು, ಆ ಹೊತ್ತಿಗೆ ಅಲ್ಲಿ ಈ ಕಪ್ಪೆ ಇತ್ತು ಅಂತ ಹೇಳ್ಲಿಕ್ಕೆ ಬೇರೆ ಸಾಕ್ಷಿ ಇರುದಿಲ್ಲ. ಲೇಬಲ್ ಇಲ್ಲದಿದ್ರೂ ಪರವಾಗಿಲ್ಲ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಪೆಸಿಮೆನ್ ಗುರುತಿಸುವುದು ಉಂಟಲ್ಲ, ಅದಕ್ಕಾಗ್ತದೆ. ಹೊಸತು ಯಾಕೆ ತರ್ಬೇಕು.

ಜೀವಂತ ಕಪ್ಪೆ ತೋರಿಸ್ಲಿಕ್ಕೆ ಜೂನ್ ಜುಲೈಯಲ್ಲಿ ಮಕ್ಕಳನ್ನು ಸಂಜೆ ಗದ್ದೆ ಬದಿಗೆ ಕರ್ಕೊಂಡು ಹೋಗಿ, ಧ್ವನಿ ರೆಕಾರ್ಡ್ ಮಾಡಿಸಿ, ಮೊಟ್ಟೆ, ಗೊದಮೊಟ್ಟೆ ತೋರಿಸಿ. ಹಾವಿನ ಭಯಕ್ಕೆ ಗಂಬೂಟು, ಟಾರ್ಚು, ಜೊತೆಗೆ ಊರಿನವರೊಬ್ಬರು ಇರ್ಲೇಬೇಕು.

ಬಯಾಲಜಿ ಟೀಚರ್, ಉಡುಪಿ
ನಿಮ್ಮ ಮೆಸೇಜ್ ಓದಿ ಇವತ್ತೇ ಕಪಾಟು ತೆಗೆದು ನೋಡಿದೆ. ಕೆಲವು ಜಾರಲ್ಲಿ ಹಳೇ ಕೈಬರಹದ ಲೇಬಲ್ ಉಂಟು, 'ಹಿರಿಯಡ್ಕ', 'ಕಾಪು ಬೀಚ್' ಅಂತ ಓದ್ಲಿಕ್ಕೆ ಆಗ್ತದೆ. ಹೊರಗೆ ಅಂಟಿಸಿದ್ದು ಹೆಚ್ಚಿನವು ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಹೋಗಿದೆ. ಇವನ್ನು ಸರಿ ಮಾಡುವುದು ಹೇಗೆ? ನಮ್ಮ ಅಟೆಂಡರ್ ಹೊಸಬರು, ಅವರಿಗೂ ಗೊತ್ತಿಲ್ಲ.

ಲ್ಯಾಬ್ ಅಟೆಂಡರ್ (ರಿಟೈರ್ಡ್), ಮಂಗಳೂರು
ಮೇಡಂ, ಇದು ನನ್ನ ಕೆಲಸ ಆಗಿತ್ತು, ವಿವರವಾಗಿ ಬರೀತೇನೆ, ಸ್ವಲ್ಪ ಉದ್ದ ಆಗ್ತದೆ.

ಮೊದಲು ಎಲ್ಲ ಕಿಟಕಿ ತೆಗೀರಿ, ಫ್ಯಾನ್ ಹಾಕಿ, ಮಕ್ಕಳು ಇಲ್ಲದ ದಿನ ಮಾಡಿ. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಒಂದೇ ದಿನ ಎಲ್ಲ ಮುಗಿಸುವ ಅಂದಾಜು ಬೇಡ, ದಿನಕ್ಕೆ ಸ್ವಲ್ಪ ಸ್ವಲ್ಪ.

ಫಾರ್ಮಲಿನ್ ಅಂದ್ರೆ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಕರಗಿಸಿದ ನೀರು, ಬಾಟ್ಲಿಯಲ್ಲಿ ಬರುವುದು 37ರಿಂದ 40 ಪರ್ಸೆಂಟಿನದ್ದು. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದ್ರೆ ಲ್ಯಾಬಲ್ಲಿ ಹತ್ತು ಪರ್ಸೆಂಟ್ ಫಾರ್ಮಲಿನ್ ಅಂತೇವೆ, ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವುದು ನಾಲ್ಕರಷ್ಟು ಮಾತ್ರ. ಇದು ಹೊಸತಾಗಿ ಗಟ್ಟಿ ಮಾಡ್ಲಿಕ್ಕೆ, ಅಂದ್ರೆ ಫಿಕ್ಸ್ ಮಾಡ್ಲಿಕ್ಕೆ. ನಿಮ್ಮದು ಎಲ್ಲ ಯಾವಾಗಲೋ ಫಿಕ್ಸ್ ಆಗಿ ಹೋದದ್ದು. ಇನ್ನು ಅದನ್ನು ಫಾರ್ಮಲಿನ್ನಲ್ಲೇ ಇಡ್ಬೇಕು ಅಂತ ಇಲ್ಲ. ನೀರಲ್ಲಿ ನೆನೆಸಿ, ನೀರು ಬದಲಾಯಿಸಿ ಬದಲಾಯಿಸಿ ವಾಸನೆ ಹೋಗುವವರೆಗೆ ಇಡಿ. ಆಮೇಲೆ 30, 50, 70 ಪರ್ಸೆಂಟ್ ಸ್ಪಿರಿಟಿಗೆ (ಆಲ್ಕೋಹಾಲ್) ಹಂತ ಹಂತವಾಗಿ ಹಾಕಿ, ಒಮ್ಮೆಲೇ 70ಕ್ಕೆ ಹಾಕಿದ್ರೆ ಮೆತ್ತಗಿನ ಪ್ರಾಣಿ ಮುದುಡ್ತದೆ. ಸ್ಪಿರಿಟ್ ಬೆರೆಸುವ ಸುಲಭ ಲೆಕ್ಕ ಹೇಳ್ತೇನೆ, ನಿಮ್ಮ ರೆಕ್ಟಿಫೈಡ್ ಸ್ಪಿರಿಟ್ 95ರದ್ದಾದ್ರೆ, 70 ಬೇಕಾದಾಗ ಅಳತೆ ಜಾರಿಗೆ 70 ಮಿಲಿ ಸ್ಪಿರಿಟ್ ಹಾಕಿ ನೀರಲ್ಲಿ 95ರ ಗೀಟಿನವರೆಗೆ ತುಂಬಿಸಿ. 50 ಬೇಕಾದ್ರೆ 50 ಹಾಕಿ 95ರವರೆಗೆ. ಬೇರೆ ಲೆಕ್ಕವೇ ಬೇಡ. ಸ್ಪಿರಿಟಿಗೆ ಅಬಕಾರಿ ಪರ್ಮಿಟ್ ಬೇಕಾಗ್ತದೆ, ಪ್ರಿನ್ಸಿಪಾಲರಿಂದ ಅರ್ಜಿ ಹಾಕಿಸಿ. ಬೆಂಕಿಯ ವಸ್ತು, ಬರ್ನರ್ ಇರುವ ಕೋಣೆಯಲ್ಲಿ ಸುರಿಯುವುದು ಬೇಡ.

ನಕ್ಷತ್ರ ಮೀನು, ಚಿಪ್ಪಿನ ಜೀವಿ ಇವುಗಳನ್ನು ಮೊದಲು ಸ್ಪಿರಿಟಿಗೆ ಸಾಗಿಸಿ. ಫಾರ್ಮಲಿನ್ ಹಳತಾದ ಹಾಗೆ ಹುಳಿ ಆಗ್ತದೆ, ಹುಳಿ ಸುಣ್ಣವನ್ನು ತಿಂತದೆ. ಚಿಪ್ಪು ಪುಡಿಪುಡಿ ಆಗುವುದು ಅದಕ್ಕೇ.

ಲೇಬಲ್ ಜಾರಿನ ಒಳಗೆ ಹಾಕ್ಬೇಕು, ಹೊರಗೆ ಅಲ್ಲ. ದಪ್ಪ ಕಾಗದದಲ್ಲಿ ಪೆನ್ಸಿಲಲ್ಲಿ ಬರೀರಿ. ಬಾಲ್ ಪೆನ್ನಲ್ಲಿ ಬರೆದ್ರೆ ಸ್ಪಿರಿಟಲ್ಲಿ ಕರಗಿ ಹೋಗ್ತದೆ. ಹಳೇ ಲೇಬಲ್ ಹರಿದಿದ್ರೂ ಬಿಸಾಡ್ಬೇಡಿ, ಅದನ್ನೂ ಫೋಟೋ ತೆಗೆದು ರಿಜಿಸ್ಟರಲ್ಲಿ ನಂಬರ್ ಹಾಕಿ ಅಂಟಿಸಿ. ಗಾಜಿನ ಮುಚ್ಚಳದ ಅಂಚಿಗೆ ವ್ಯಾಸ್ಲಿನ್ ಹಚ್ಚಿ ತಿರುಗಿಸಿ ಕೂರಿಸಿ. ಕಬ್ಬಿಣದ ಮುಚ್ಚಳ ಇದ್ರೆ ತೆಗೆದುಬಿಡಿ, ನಮ್ಮ ಕರಾವಳಿ ಗಾಳಿಗೆ ಅದು ಉಳಿಯುವುದಿಲ್ಲ. ಆಮೇಲೆ ಏಪ್ರಿಲ್ ಮೇ ಸೆಕೆಗೆ ಸ್ಪಿರಿಟ್ ಆರ್ತದೆ, ರಜೆ ಶುರುವಾಗುವ ಮೊದಲು ಒಂದು ಸಲ ನೋಡಿ ತುಂಬಿಸಿ. ಹೆಚ್ಚಿನ ಕಾಲೇಜಲ್ಲಿ ಮ್ಯೂಸಿಯಂ ಹಾಳಾಗುವುದೇ ರಜೆಯಲ್ಲಿ.

ಕೆಮಿಸ್ಟ್ರಿಯವ
ಅಟೆಂಡರ್ ಅಣ್ಣ ಬರೆದದ್ದಕ್ಕೆ ಒಂದು ಸೇರಿಸ್ತೇನೆ, ಇದು ತುಂಬ ಮುಖ್ಯ. ತೆಗೆದ ಹಳೇ ಫಾರ್ಮಲಿನ್ನನ್ನು, ಮೊದಮೊದಲು ತೊಳೆದ ನೀರನ್ನು ಕೂಡ ಸಿಂಕಿಗೆ ಸುರಿಯುವುದೋ ಹಿತ್ತಲಲ್ಲಿ ಗುಂಡಿ ತೋಡಿ ಹಾಕುವುದೋ ಮಾಡ್ಬೇಡಿ. ನಮ್ಮದು ಜಂಬಿಟ್ಟಿಗೆಯ ನೆಲ, ನೀರು ಸೀದಾ ಇಳೀತದೆ, ಸುತ್ತ ಮನೆ ಮನೆಗೆ ಬಾವಿ ಉಂಟು. ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಪ್ಲಾಸ್ಟಿಕ್ ಕ್ಯಾನಲ್ಲಿ ತುಂಬಿಸಿ, ಲೇಬಲ್ ಹಾಕಿ, ಹತ್ತಿರದ ಮೆಡಿಕಲ್ ಕಾಲೇಜಲ್ಲಿ ಅವರ ಫಾರ್ಮಲಿನ್ ವೇಸ್ಟ್ ಹೇಗೆ ಸಾಗಿಸ್ತಾರೆ ಕೇಳಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಆಫೀಸಲ್ಲೂ ವಿಚಾರಿಸಿ.

2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಹಾಕಿದ ಮೀನು ಹಿಡಿದ ಸುದ್ದಿ ಬಂದಾಗ ಇಲ್ಲಿ ಕೂಡ ಜನ ಮೀನು ತಿನ್ಲಿಕ್ಕೆ ಹೆದರಿದ್ರು. ತಿನ್ನುವ ಮೀನಲ್ಲಿ ಅಷ್ಟು ಹೆದರಿಕೆ, ಅದೇ ಮಕ್ಕಳನ್ನು ಅದರ ಹೊಗೆಯಲ್ಲಿ ಗಂಟೆಗಟ್ಟಲೆ ಬಗ್ಗಿ ಕೂರಿಸಿ ಕಪ್ಪೆ ಕೊಯ್ಸುವುದು ಅಂದ್ರೆ? ಜಾರು ಮುಚ್ಚಿ ಇಟ್ಟು ನೋಡಿದ್ರೆ ಅಪಾಯ ಕಡಿಮೆ, ಪ್ಯಾಕೆಟ್ ಒಡೆದು ಕೊಯ್ಯುವುದು ಬೇರೆಯೇ ಸಂಗತಿ. ಮ್ಯಾನೇಜ್ಮೆಂಟಿಗೆ ಇದನ್ನೇ ಹೇಳಿ.

ನಿವೃತ್ತ ಝುವಾಲಜಿ ಲೆಕ್ಚರರ್
ಎಲ್ಲ ಓದಿದೆ. ಬೊಂಡಾಸಿನ ವಿಷಯ ಮಲ್ಪೆಯವರು ಹೇಳಿದ್ದು ನನಗೆ ಬಹಳ ಹಿಡಿಸಿತು, ನಮ್ಮ ಕಾಲದಲ್ಲಿ ತಾಟೆ (ಶಾರ್ಕ್) ಮರಿ ತಂದು ಚರ್ಮದಿಂದ ಪ್ಲಾಕಾಯ್ಡ್ ಸ್ಕೇಲ್ (ಹಲ್ಲಿನ ಹಾಗಿನ ಸಣ್ಣ ಹುರುಪೆ) ತೆಗೆದು ಸ್ಲೈಡ್ ಮಾಡಿಸ್ತಿದ್ದೆವು, ಅದೂ ದಕ್ಕೆಯಿಂದಲೇ. ಆದ್ರೆ ಒಂದು ಮಾತು ಉಳೀತದೆ. ಬಂಗುಡೆಯ ಹೃದಯದಲ್ಲಿ ಎರಡು ಕೋಣೆ, ಕಪ್ಪೆಗೆ ಮೂರು, ನಮಗೆ ನಾಲ್ಕು. ನೀರಿಂದ ನೆಲಕ್ಕೆ ಬಂದ ಮೆಟ್ಟಿಲು ತೋರಿಸ್ಬೇಕಾದ್ರೆ ನಡುವಿನ ಆ ಮೂರು ಕೋಣೆ ಬೇಕಲ್ಲ. ಮೀನು ಅದನ್ನು ತೋರಿಸುದಿಲ್ಲ.

ಎಂಬಿಬಿಎಸ್ ಎರಡನೇ ವರ್ಷ
ಸರ್, ಅದಕ್ಕೆ ಒಂದು ದಾರಿ ಉಂಟು. ಮೀನಿನ ಹೃದಯ ಮಾರ್ಕೆಟಿಂದ, ನಾಲ್ಕು ಕೋಣೆಯದ್ದು ಮಟನ್ ಅಂಗಡಿಯಿಂದ ಆಡಿನದ್ದು, ಎರಡೂ ಕೈಯಲ್ಲಿ ಹಿಡಿದು ಕೊಯ್ದು ನೋಡ್ಲಿ. ಆಡಿನ ಹೃದಯ ದೊಡ್ಡದು, ವಾಲ್ವಿನ ದಾರಗಳು ಬರಿಗಣ್ಣಿಗೆ ಕಾಣ್ತವೆ, ಎಡಗಡೆ ಗೋಡೆ ಯಾಕೆ ದಪ್ಪ ಅಂತ ಬೆರಳಲ್ಲೇ ತಿಳೀತದೆ. ನಡುವಿನ ಮೂರು ಕೋಣೆಗೆ ಮಾತ್ರ ಮಾಡೆಲ್ ಇಟ್ಕೊಳ್ಳಿ. ಎರಡು ನಿಜವಾದ್ದು ಕೈಯಲ್ಲಿ ಹಿಡಿದ ಮೇಲೆ ಮೂರನೆಯದ್ದು ಮಾಡೆಲಲ್ಲಿ ನೋಡಿದ್ರೂ ಅರ್ಥ ಆಗ್ತದೆ. 2019ರಲ್ಲಿ ಫ್ಲೋರಿಡಾದ ಒಂದು ಹೈಸ್ಕೂಲಲ್ಲಿ ನಿಜವಾದ ಕಪ್ಪೆಯ ಹಾಗೇ ಇರುವ ಸಿಂಥೆಟಿಕ್ ಕಪ್ಪೆ ಕೊಯ್ಸಿದ್ರು, ಅಂದ್ರೆ ಮ್ಯಾನೇಜ್ಮೆಂಟಿನವರು ನೋಡಿದ ಅಮೆರಿಕದಲ್ಲೂ ಪ್ಯಾಕೆಟ್ ಕಪ್ಪೆ ಬಿಡ್ಲಿಕ್ಕೆ ದಾರಿ ಹುಡುಕ್ತಿದ್ದಾರೆ.

ನಿವೃತ್ತ ಝುವಾಲಜಿ ಲೆಕ್ಚರರ್
ಆಡಿನ ಹೃದಯ ಒಪ್ಪಿದೆ. ಅದಕ್ಕೆ ಎಡ ಬಲ ಗುರುತು ಹಾಕಿ ಕೊಡುವುದು ಮಾತ್ರ ಟೀಚರೇ ಮಾಡ್ಬೇಕು, ಅಂಗಡಿಯವರು ರಕ್ತನಾಳ ತೀರ ಗಿಡ್ಡಕ್ಕೆ ಕೊಯ್ದಿರ್ತಾರೆ. ಸ್ವಲ್ಪ ಉದ್ದ ಬಿಟ್ಟು ಕೊಡಿ ಅಂತ ಹಿಂದಿನ ದಿನವೇ ಹೇಳಿ ಇಡಿ.

ಫಸ್ಟ್ ಪಿಯುಸಿ, ಸುರತ್ಕಲ್
ನಾನು ಸ್ಟೂಡೆಂಟ್. ನಮಗೆ ನೀಟ್ ಕೋಚಿಂಗ್ ಅಂತ ಪ್ರಾಕ್ಟಿಕಲ್ ಕ್ಲಾಸೇ ಸರಿಯಾಗಿ ಆಗುದಿಲ್ಲ, ರೆಕಾರ್ಡ್ ಬರೆದು ಸೈನ್ ಹಾಕಿಸುವುದು ಅಷ್ಟೇ. ಕಪಾಟಿನ ಜಾರುಗಳನ್ನು ಪರೀಕ್ಷೆಯ ದಿನ ಮೊದಲ ಸಲ ಹತ್ರದಿಂದ ನೋಡಿದ್ದು, ಲಿವರ್ ಫ್ಲೂಕ್ ಯಾವುದು ಜಿಗಣೆ ಯಾವುದು ಅಂತ ಅಂದಾಜಲ್ಲಿ ಬರೆದೆ. ಬೊಂಡಾಸ್ ಕ್ಲಾಸ್ ನಮ್ಮ ಕಾಲೇಜಲ್ಲೂ ಮಾಡಿದ್ರೆ ನಾವೆಲ್ಲ ರೆಡಿ. ಮನೆಯಲ್ಲಿ ಅಮ್ಮ ಸಿಗಡಿ ಕ್ಲೀನ್ ಮಾಡುವಾಗ ನಿನ್ನೆ ಕೂತು ಅಪೆಂಡೇಜ್ ಲೆಕ್ಕ ಮಾಡ್ಲಿಕ್ಕೆ ನೋಡಿದೆ, ಬಾಯಿಯ ಹತ್ರದ ಸಣ್ಣದೆಲ್ಲ ತುಂಡಾಯ್ತು.

ಮಲ್ಪೆ ಬಂದರಿನವ
ತಮ್ಮಾ, ಬಾಲದ ಕಡೆಯಿಂದ ಶುರು ಮಾಡು, ಹಿಂದಿನಿಂದ ಮುಂದಕ್ಕೆ. ದೊಡ್ಡ ಸಿಗಡಿ ತಗೋ. ಚಿಮುಟದಲ್ಲಿ ಬುಡದಲ್ಲೇ ಹಿಡಿದು ಎಳೀಬೇಕು.

ಸಿಬಿಝಡ್ ಹಳೇ ಬ್ಯಾಚ್, ಮಂಗಳೂರು
ಟೀಚರೇ, ಒಂದು ಎಚ್ಚರಿಕೆ. ನಿಮ್ಮ ಲಿಸ್ಟಲ್ಲಿ ಸಮುದ್ರ ಕುದುರೆ ಉಂಟು ಅಂದ್ರಿ. ಸಮುದ್ರ ಕುದುರೆ, ಸಮುದ್ರ ಸೌತೆ ಇವೆಲ್ಲ 2001ರಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿಗೆ ಬಂದವು, ಹುಲಿಗೆ ಇದ್ದ ರಕ್ಷಣೆಯೇ ಆಗ ಅವಕ್ಕೂ ಸಿಕ್ಕಿತು. ಹಳೇ ಕಾಲೇಜು ಮ್ಯೂಸಿಯಮ್ಮುಗಳಲ್ಲಿ ಕಾನೂನು ಬರುವ ಮೊದಲೇ ತಂದದ್ದು ತುಂಬ ಕಡೆ ಇದೆ. ಸ್ಟಾಕ್ ರಿಜಿಸ್ಟರಲ್ಲಿ ಯಾವ ವರ್ಷ ಬಂತು ಅಂತ ಹುಡುಕಿ, ಪ್ರಿನ್ಸಿಪಾಲರ ಮೂಲಕ ಅರಣ್ಯ ಇಲಾಖೆಗೆ ಬರೆದು ಕೇಳಿ. ಯಾರಿಗೂ ಕೊಡುವುದು, ಮಾರುವುದು, ಬಿಸಾಡುವುದು ಎಂತದೂ ಅದಕ್ಕಿಂತ ಮೊದಲು ಬೇಡ. ಹಾವು, ಓತಿಗೂ ಹಾಗೆಯೇ, 2022ರ ತಿದ್ದುಪಡಿಯಲ್ಲಿ ಶೆಡ್ಯೂಲುಗಳನ್ನು ಪೂರ್ತಿ ಹೊಸತಾಗಿ ಜೋಡಿಸಿದ್ದಾರೆ, ಹೊಸ ಪಟ್ಟಿಯನ್ನೇ ನೋಡಿ. ಮಲ್ಪೆಯಿಂದ ತರುವಾಗಲೂ ಶಾರ್ಕ್, ತೊರಕೆ (ರೇ ಮೀನು) ಬೇಡ, ಅದರಲ್ಲಿ ರಕ್ಷಣೆಯ ಜಾತಿ ಯಾವುದು ಅಂತ ನಮಗೆ ಗುರುತು ಸಿಗುದಿಲ್ಲ.

ಮಳೆಗಾಲದ ಕಪ್ಪೆ ಸರ್ವೆ
ಇದು ಸರಿಯಾದ ಮಾತು. ರಿಜಿಸ್ಟರ್ ಮಾಡುವ ದಿನ ತಿಳಿಸಿ, ಕಪ್ಪೆ ಜಾರುಗಳ ಜಾತಿ ಗುರುತಿಸ್ಲಿಕ್ಕೆ ನಾವು ಒಂದಿಬ್ಬರು ಬರ್ತೇವೆ. ಹಳೇ ಲೇಬಲಲ್ಲಿ ರಾನಾ ಟಿಗ್ರಿನಾ ಅಂತ ಇದ್ರೆ ಹೊಡೆದು ಹಾಕ್ಬೇಡಿ, ಅದರ ಕೆಳಗೆ ಈಗಿನ ಹೆಸರು ಹೋಪ್ಲೋಬ್ಯಾಟ್ರಾಕಸ್ ಟೈಗರೀನಸ್ ಅಂತ ಇನ್ನೊಂದು ಚೀಟಿ ಸೇರಿಸಿದ್ರೆ ಆಯ್ತು.

ಬಯಾಲಜಿ ಟೀಚರ್, ಉಡುಪಿ
ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮೀಟಿಂಗ್ ಆಯ್ತು. ಫಾರ್ಮಾಲ್ಡಿಹೈಡಿನ ವಿಷಯ ಮತ್ತೆ 2014ರ ಯುಜಿಸಿ ವಿಷಯ ಹೇಳಿದ ಮೇಲೆ ಪ್ಯಾಕೆಟ್ ಕಪ್ಪೆ ಕೊಟೇಶನ್ ಕೈಬಿಟ್ರು. ಜಾರುಗಳನ್ನು ಉಳಿಸ್ಲಿಕ್ಕೆ ಒಪ್ಪಿದ್ದಾರೆ, ಸ್ಪಿರಿಟ್ ಪರ್ಮಿಟಿಗೆ ಪ್ರಿನ್ಸಿಪಾಲರು ಸೈನ್ ಹಾಕಿದ್ರು. ಗಾಜಿನ ಹೊಸ ಜಾರುಗಳಿಗೆ ಮಾತ್ರ ದುಡ್ಡು ಮುಂದಿನ ವರ್ಷ ಅಂತಾರೆ, ಅದಕ್ಕೆ ಹಳೇ ವಿದ್ಯಾರ್ಥಿಗಳನ್ನು ಕೇಳುವ ಅಂತಿದ್ದೇನೆ. ಸಮುದ್ರ ಕುದುರೆಯ ಪತ್ರವೂ ತಯಾರಾಗಿದೆ. ಬೊಂಡಾಸ್ ಕ್ಲಾಸಿಗೆ ಚೀಟಿಯಲ್ಲಿ ಹೆಸರು ಬರೆಸಿ ಆಯ್ತು, ಹೂವಿನ ಮೇಜಿಗೂ ಸುಮಾರು ಮಕ್ಕಳಿದ್ದಾರೆ. ಮಲ್ಪೆಯ ಅಣ್ಣ, ಜುಲ್ಲಾಯಿಯಲ್ಲಿ ಸಿಗ್ಬಹುದಾ?

ಮಲ್ಪೆ ಬಂದರಿನವ
ಜೂನ್ ಒಂದರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಅಲ್ವಾ ಮೇಡಂ, ಆಗ ಸಿಗುವುದು ಐಸಿನ ಹಳೇ ಮಾಲು, ಶಾಯಿ ಚೀಲ ಒಡೆದು ಒಳಗೆಲ್ಲ ಕಪ್ಪಾಗಿರ್ತದೆ. ಆಗಸ್ಟಲ್ಲಿ ಬೋಟು ಇಳಿದ ಮೇಲೆ ಕ್ಲಾಸ್ ಇಡಿ. ಹಿಂದಿನ ದಿನ ಸಂಜೆ ಮೆಸೇಜ್ ಹಾಕಿ, ಒಳ್ಳೇ ಸೈಜಿನದ್ದು ಆರಿಸಿ ಐಸ್ ಪೆಟ್ಟಿಗೆಯಲ್ಲಿ ಇಡಿಸ್ತೇನೆ. ಮಕ್ಕಳಿಗೆ ಹಳೇ ಅಂಗಿ ಹಾಕಿ ಬರ್ಲಿಕ್ಕೆ ಹೇಳಿ, ಆ ಶಾಯಿ ಯೂನಿಫಾರ್ಮಿಂದ ಹೋಗುದಿಲ್ಲ.